ಆಂಬುಲೆನ್ಸ್ ಬರುವವರೆಗೆ: ಹಳ್ಳಿಯ ಹದಿಹರೆಯದವರಿಗೆ ತುರ್ತು ಚಿಕಿತ್ಸೆಯ ತರಬೇತಿ

ಹೊಲದಲ್ಲಿ ಅಪಘಾತವಾದಾಗ ಮೊದಲು ಓಡಿಬರುವವರು ಯಾರೆಂದು ಗಮನಿಸಿದ್ದೀರಾ? ಅನೇಕ ಸಲ ದನ ಮೇಯಿಸುವ ಅಥವಾ ಶಾಲೆಯಿಂದ ಮರಳುವ ಹದಿನೈದು, ಹದಿನಾರರ ಪ್ರಾಯದ ಮಕ್ಕಳು. ಅವರನ್ನು "ಹೋಗಿ ದೊಡ್ಡವರನ್ನು ಕರೆತಾ" ಎಂದು ಅಟ್ಟುತ್ತೇವೆ. ನಮ್ಮ ರಾಜ್ಯದಲ್ಲಿ 2008ರಿಂದ 108 ಆಂಬುಲೆನ್ಸ್ ಸೇವೆ ಇದೆ. ಆದರೆ ಅದು ತೋಟದ ಮನೆಗೆ ತಲುಪುವವರೆಗೆ ಗಾಯಾಳುವಿನ ಜೀವ ಹತ್ತಿರವಿದ್ದವರ ಕೈಯಲ್ಲೇ ಇರುತ್ತದೆ.

ಮಕ್ಕಳಿಗೆ ಇಂಥ ಹೊಣೆಯೇ ಎಂದು ಕೆಲವರು ಕೇಳಬಹುದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡೇರಿಯನ್ ಪಟ್ಟಣದಲ್ಲಿ 1970ರಿಂದ ಹೈಸ್ಕೂಲ್ ವಿದ್ಯಾರ್ಥಿಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಊರಿನ ಆಂಬುಲೆನ್ಸ್ ಸೇವೆಯಲ್ಲಿ ದುಡಿಯುತ್ತಿದ್ದಾರೆ. ನಮ್ಮ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ. ಚುಚ್ಚುಮದ್ದು, ಔಷಧ ಅವರ ಕೆಲಸವಲ್ಲ; ವೈದ್ಯರ ಕೈ ಸೇರುವವರೆಗೆ ಜೀವ ಉಳಿಸಿಕೊಳ್ಳುವುದಷ್ಟೇ ಅವರ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕೇಳಿಕೊಂಡು ಇದನ್ನು ಶಾಲೆಯಲ್ಲೇ ಕಲಿಸಬಹುದು.

ಪಂಪ್‌ಸೆಟ್ಟಿನ ಬಳಿ ವಿದ್ಯುತ್ ತಗುಲಿದವರನ್ನು ಮೇನ್ ಸ್ವಿಚ್ ತೆಗೆಯುವ ಮುನ್ನ ಮುಟ್ಟಬಾರದು. ಇದು ಮೊದಲ ಪಾಠ. ಬಿದ್ದವರು ಉಸಿರಾಡದಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ಎದೆ ಸುಮಾರು 5 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಎರಡು ನಿಮಿಷದಲ್ಲಿ ಗಟ್ಟಿಮುಟ್ಟಾದ ಹುಡುಗನೂ ದಣಿಯುತ್ತಾನೆ; ಆಗ ಇನ್ನೊಬ್ಬರು ಕೈಬದಲಿಸಬೇಕು. ಆದ್ದರಿಂದ ಪ್ರತಿ ಕೇರಿಯಲ್ಲೂ ಕಡೆಯಪಕ್ಷ ನಾಲ್ವರು ಕಲಿತಿರಬೇಕು, ಅವರಲ್ಲಿ ಹುಡುಗಿಯರೂ ಇರಬೇಕು. ಮೇವು ಕತ್ತರಿಸುವಾಗ ಕೈ ಕೊಯ್ದುಕೊಂಡರೆ ಗಾಯದ ಮೇಲೆ ಶುಭ್ರವಾದ ಬಟ್ಟೆಯಿಟ್ಟು ಬಿಡದೆ ಒತ್ತಿಹಿಡಿಯುವುದನ್ನು ಒಂದೇ ದಿನದಲ್ಲಿ ಕಲಿಸಬಹುದು.

ಕೀಟನಾಶಕ ಸಿಂಪಡಿಸುವಾಗ ಮೈಮೇಲೆ ಚೆಲ್ಲಿ ಬೆವರು, ಜೊಲ್ಲು ಸುರಿಯತೊಡಗಿದರೆ ಬಟ್ಟೆ ಬಿಚ್ಚಿ ಸಾಬೂನು ಹಚ್ಚಿ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ವಿಷ ತಾಗದಂತೆ ನೋಡಿಕೊಳ್ಳಬೇಕು. ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಅಪಾಯಕರ. ಔಷಧದ ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಲು ಮರೆಯಬಾರದು.

ಎಲ್ಲಕ್ಕಿಂತ ಕಷ್ಟದ್ದು ಹಾವು ಕಡಿತ. ಕೆಲಸ ಕಷ್ಟವೆಂದಲ್ಲ, ಹಿರಿಯರನ್ನು ತಡೆಯುವುದು ಕಷ್ಟ. ಒಬ್ಬರು ಹಗ್ಗ ಬಿಗಿಯುತ್ತಾರೆ, ಇನ್ನೊಬ್ಬರು ಬ್ಲೇಡು ಹಿಡಿಯುತ್ತಾರೆ, ಮತ್ತೊಬ್ಬರು ನಾಟಿ ಮದ್ದಿಗೆ ಹೊರಡುತ್ತಾರೆ. ಮೂರೂ ತಪ್ಪು. ಕಡಿಸಿಕೊಂಡವರನ್ನು ನಡೆಯಗೊಡದೆ ಮಲಗಿಸಿ, ಬಳೆ, ಉಂಗುರ, ಕಾಲುಂಗುರ ತೆಗೆದು, ಮೂಳೆ ಮುರಿದಾಗ ಕಟ್ಟುವಂತೆ ಕೈ ಅಥವಾ ಕಾಲಿಗೆ ದಬ್ಬೆ ಕಟ್ಟಿ ಸಾಗಿಸಬೇಕು. ಕಡಿದ ಹೊತ್ತನ್ನು ಬರೆದಿಡಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ. ಹಾವನ್ನು ಹೊಡೆದು ತರುತ್ತೇವೆಂದು ಹೊತ್ತು ಕಳೆಯಬೇಡಿ. ಕಟ್ಟುಹಾವು ಕಡಿದಲ್ಲಿ ನೋವು, ಬಾವು ಇಲ್ಲದಿರಬಹುದು. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತರೆ ಇದನ್ನೇ ಶಂಕಿಸಬೇಕು.

ಹದಿನಾರರ ಹುಡುಗಿಯೊಬ್ಬಳು "ದೊಡ್ಡಪ್ಪಾ, ಹಗ್ಗ ಕಟ್ಟಬೇಡಿ" ಎಂದರೆ ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ? ಅವಳ ಮಾತು ನಡೆಯದಿದ್ದರೆ ಅವಳು ಕಲಿತ ವಿದ್ಯೆ ಅಲ್ಲಿಗೇ ನಿಂತಿತು. ಆದಕಾರಣ ತರಬೇತಿಯ ಕೊನೆಯ ದಿನ ಊರ ಹಿರಿಯರನ್ನೂ ಶಾಲೆಯ ಅಂಗಳದಲ್ಲಿ ಕೂರಿಸಿ, ವೈದ್ಯಾಧಿಕಾರಿಗಳ ಎದುರಿನಲ್ಲೇ ಮಕ್ಕಳಿಂದ ಎಲ್ಲವನ್ನೂ ಮಾಡಿಸಿ ತೋರಿಸಬೇಕು. ಪ್ರತಿ ವರ್ಷ ಮುಂಗಾರು ಬಿತ್ತನೆಗೆ ಮುನ್ನ ಒಂದು ದಿನ ಮತ್ತೆ ಅಭ್ಯಾಸವಾಗಲಿ. ಹಾವುಗಳು ಹೊರಬೀಳುವುದೂ ಆ ದಿನಗಳಲ್ಲೇ.