ಮೊಹರು ಬೀಳದ ಸ್ಟಾಂಪನ್ನು ಮತ್ತೆ ಅಂಟಿಸಬಹುದೇ?

ಮನೆಗೆ ಬಂದ ಕವರಿನ ಮೇಲಿನ ಸ್ಟಾಂಪಿಗೆ ಕೆಲವೊಮ್ಮೆ ಮೊಹರೇ ಬಿದ್ದಿರುವುದಿಲ್ಲ. ಐದು ರೂಪಾಯಿಯ ಚೀಟಿ, ಈಗಷ್ಟೇ ಹಾಳೆಯಿಂದ ಹರಿದಂತೆ ಇರುತ್ತದೆ. ಬಟ್ಟಲು ನೀರಿನಲ್ಲಿ ನೆನೆಹಾಕಿ, ಮೆಲ್ಲಗೆ ಬಿಡಿಸಿ, ಒಣಗಿಸಿ ಇನ್ನೊಂದು ಕವರಿಗೆ ಹಚ್ಚುವ ಉಪಾಯ ಅನೇಕ ಮನೆಗಳಲ್ಲಿ ಹಿರಿಯರಿಂದಲೇ ಬಂದದ್ದು. ಮೊಹರು ಒತ್ತುವುದು ಅಂಚೆಯವರ ಕೆಲಸ, ಅವರು ಮರೆತರೆ ನಮ್ಮದೇನು ತಪ್ಪು ಎಂದು ವಾದಿಸುವವರೂ ಇದ್ದಾರೆ.

ಕಾನೂನು ಈ ವಾದವನ್ನು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 184ನೇ ಕಲಂ ಪ್ರಕಾರ, ಹಿಂದೆ ಬಳಕೆಯಾಗಿದೆ ಎಂದು ಗೊತ್ತಿದ್ದೂ ವಂಚನೆಯಿಂದ ಅಥವಾ ಸರ್ಕಾರಕ್ಕೆ ನಷ್ಟ ಮಾಡುವ ಉದ್ದೇಶದಿಂದ ಸ್ಟಾಂಪನ್ನು ಮತ್ತೆ ಉಪಯೋಗಿಸಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಈ ಕಲಂ ಮೊಹರಿನ ಮಾತನ್ನೇ ಎತ್ತುವುದಿಲ್ಲ. ಚೀಟಿ ಒಂದು ಪತ್ರವನ್ನು ಮುಟ್ಟಿಸಿದೆಯೇ, ಅದು ಗೊತ್ತಿದ್ದೂ ವಂಚಿಸುವ ಉದ್ದೇಶದಿಂದ ಮತ್ತೆ ಬಳಸಿದಿರೇ ಎಂಬುದಷ್ಟೇ ಅದಕ್ಕೆ ಬೇಕು. ಇನ್ನು ಬಿದ್ದ ಮೊಹರನ್ನು ಅಳಿಸಿದರೆ 185ನೇ ಕಲಂ, ಬೇರೆಡೆ ಬಳಸಲೆಂದು ಕಿತ್ತರೆ 183ನೇ ಕಲಂ ಅನ್ವಯಿಸುತ್ತದೆ. ಎರಡರಲ್ಲೂ ಮೂರು ವರ್ಷದವರೆಗೆ ಶಿಕ್ಷೆಯುಂಟು. ಈ ಕಲಂಗಳು ರಾಜಸ್ವದ ಸ್ಟಾಂಪಿನ ಬಗ್ಗೆ ಮಾತಾಡುತ್ತವಲ್ಲ, ಅಂಚೆಚೀಟಿಗೆ ಹೇಗೆ ಅನ್ವಯಿಸುತ್ತವೆ ಎಂದು ವಕೀಲ ಮಿತ್ರರು ಕೇಳಬಹುದು. ಅಂಚೆ ದರವನ್ನು ಸೂಚಿಸುವ ಚೀಟಿಗಳನ್ನು ಇವುಗಳ ಜೊತೆಗೆ ಜೋಡಿಸಿ ಓದಬೇಕೆಂಬ ಸೂಚನೆ 186ನೇ ಕಲಮಿನಲ್ಲಿದೆ. ಇದಾವುದೂ ಹೊಸದಲ್ಲ, 1860ರ ದಂಡ ಸಂಹಿತೆಯಲ್ಲಿ ಇದ್ದದ್ದೇ ಸಂಖ್ಯೆ ಬದಲಿಸಿಕೊಂಡು ಬಂದಿದೆ.

ಹಾಗೆಂದು ಮಗಳು ಆಲ್ಬಂಗಾಗಿ ಸ್ಟಾಂಪು ನೆನೆಹಾಕಿದ್ದಾಳೆಂದು ಗಾಬರಿಪಡಬೇಡಿ. ಅಲ್ಲಿ ವಂಚಿಸುವ ಉದ್ದೇಶವಿಲ್ಲ, ಅಪರಾಧವೂ ಇಲ್ಲ.

ಇದನ್ನೆಲ್ಲ ಅಂಚೆಕಚೇರಿಯಲ್ಲಿ ನೋಡುವವರು ಯಾರು? ಡಬ್ಬಿಯಿಂದ ತೆಗೆದ ಪತ್ರಗಳನ್ನು ಸ್ಟಾಂಪು ಒಂದೇ ಮೂಲೆಗೆ ಬರುವಂತೆ ಜೋಡಿಸಿ ತೇದಿಯ ಮೊಹರು ಒತ್ತುತ್ತಾರಲ್ಲ, ತಪಾಸಣೆ ಬಹುತೇಕ ನಡೆಯುವುದು ಆಗಲೇ. ಪಳಗಿದ ಕೈಗೆ ಕೆಲವು ಗುರುತುಗಳು ಸಿಕ್ಕಿಬಿಡುತ್ತವೆ: ಅಂಚಿನ ಹಲ್ಲುಗಳಲ್ಲಿ ಒಂದೆರಡು ಮುರಿದಿರುವುದು, ನೆನೆದ ಕಾಗದ ತೆಳುವಾಗಿ ಸುಕ್ಕುಗಟ್ಟಿರುವುದು, ಮೂಲೆಯಲ್ಲಿ ಹಳೆಯ ಮೊಹರಿನ ಕಪ್ಪು ಕಮಾನು ಉಳಿದಿರುವುದು, ಬಣ್ಣ ಮಾಸಿರುವುದು. ಹಿಂಬದಿಯ ಗೋಂದು ಮಾತ್ರ ಸಾಕ್ಷಿಯಾಗಲಾರದು. ಹೊಸ ಸ್ಟಾಂಪು ಕೊಂಡವರೂ ಕೌಂಟರಿನ ಗೋಂದಿನ ಬಾಟಲಿಗೆ ಬೆರಳದ್ದಿಯೇ ಹಚ್ಚುವುದು ನಮ್ಮ ವಾಡಿಕೆ. ಬ್ರಿಟನ್ನಿನಲ್ಲಿ 2023ರಿಂದ ಸಾಮಾನ್ಯ ಸ್ಟಾಂಪುಗಳಿಗೆ ಬಾರ್‌ಕೋಡ್ ಕಡ್ಡಾಯವಾಗಿದೆ, ಯಂತ್ರವೇ ಓದಿ ಹೇಳುತ್ತದೆ. ನಮ್ಮ ಮಾಮೂಲಿ ಚೀಟಿಗಳಿಗೆ ಅದಿಲ್ಲ. ಆದ್ದರಿಂದ ನಮ್ಮಲ್ಲಿ ಸಿಕ್ಕಿಬೀಳುವವರು ಕಡಿಮೆ ಎಂದೇ ನನ್ನ ಅನಿಸಿಕೆ. ಸಿಕ್ಕಿಬೀಳಲಿಲ್ಲ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ.

ನಕಲಿ ಚೀಟಿಯ ವಿಷಯ ಇನ್ನೂ ಗಂಭೀರ. ಅಂಚೆಚೀಟಿ ಹೊರಡಿಸುವ ಹಕ್ಕು ಅಂಚೆ ಇಲಾಖೆಗೆ ಮಾತ್ರ. 1898ರ ಕಾಯಿದೆಯ ಜಾಗಕ್ಕೆ ಬಂದು 2024ರ ಜೂನ್ 18ರಿಂದ ಜಾರಿಯಾದ 2023ರ ಅಂಚೆ ಕಚೇರಿ ಕಾಯಿದೆ ಪತ್ರ ಸಾಗಿಸುವ ಏಕಸ್ವಾಮ್ಯವನ್ನು ಬಿಟ್ಟುಕೊಟ್ಟರೂ ಈ ಹಕ್ಕನ್ನು ಬಿಟ್ಟಿಲ್ಲ. ಸರ್ಕಾರಿ ಸ್ಟಾಂಪನ್ನು ಖೋಟಾ ಮಾಡಿದವರಿಗೆ ನ್ಯಾಯ ಸಂಹಿತೆಯ 178ನೇ ಕಲಂ ಜೀವಾವಧಿ ಅಥವಾ ಹತ್ತು ವರ್ಷದವರೆಗಿನ ಸೆರೆ ವಿಧಿಸುತ್ತದೆ. ಕಡಿಮೆ ಬೆಲೆಯ ಅಸಲಿ ಚೀಟಿಯನ್ನು ಹೆಚ್ಚು ಬೆಲೆಯದರಂತೆ ತಿದ್ದಿದರೂ ಅದು ಖೋಟಾ ಎಂದೇ ಲೆಕ್ಕ. ಖೋಟಾ ಎಂದು ಗೊತ್ತಿದ್ದೂ ಚಲಾವಣೆ ಮಾಡಲೆಂದು ಇಟ್ಟುಕೊಂಡವರಿಗೆ 180ನೇ ಕಲಂ ಏಳು ವರ್ಷದವರೆಗಿನ ಶಿಕ್ಷೆ ಹೇಳುತ್ತದೆ. ಆದರೆ ಕಾನೂನುಬದ್ಧ ಮೂಲದಿಂದ ಬಂದದ್ದೆಂದು ತೋರಿಸಿಕೊಟ್ಟರೆ ಅಪರಾಧವಾಗದು ಎಂಬ ವಿವರಣೆಯೂ ಅದೇ ಕಲಮಿನಲ್ಲಿದೆ. ಮದುವೆ ಕರೆಯೋಲೆಗೋ ಸಂಘದ ಪತ್ರಿಕೆಗೋ ನೂರಾರು ಸ್ಟಾಂಪು ಕೊಳ್ಳುವವರಿಗೆ ರಸೀದಿಯೇ ರಕ್ಷೆ. ಮುಖಬೆಲೆಗಿಂತ ಅಗ್ಗಕ್ಕೆ ಅಂಚೆಚೀಟಿ ಕೊಡುತ್ತೇವೆಂದು ಮೊಬೈಲಿನಲ್ಲಿ ಬರುವ ಕೊಡುಗೆಗಳನ್ನು ನಂಬಬೇಡಿ. ಅಂಚೆಕಚೇರಿ ಮುಖಬೆಲೆಗೇ ಮಾರುತ್ತದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದ ಹಗರಣವನ್ನು ಕಂಡ ರಾಜ್ಯ ನಮ್ಮದು. ಅಧಿಕೃತರಂತೆ ಕಂಡವರ ಕೈಯಿಂದಲೇ ಜನ ಆ ಕಾಗದ ಕೊಂಡಿದ್ದರು.

ಅಸಲಿ, ಬಳಸದ ಚೀಟಿಯೂ ತಪ್ಪು ಜಾಗದಲ್ಲಿ ಹತ್ತಿದರೆ ನಡೆಯುವುದಿಲ್ಲ. ರೆವಿನ್ಯೂ ಸ್ಟಾಂಪನ್ನು ಅಂಚೆಕಚೇರಿಯಲ್ಲೇ ಮಾರಿದರೂ ಅದು ಐದು ಸಾವಿರ ರೂಪಾಯಿಗೆ ಮೀರಿದ ರಸೀದಿಗಳಿಗೆ, ಕವರಿಗಲ್ಲ. ಸರ್ಕಾರಿ ಕಚೇರಿಗಳ ಸರ್ವಿಸ್ ಸ್ಟಾಂಪನ್ನು ಗುಮಾಸ್ತರು ಖಾಸಗಿ ಪತ್ರಕ್ಕೆ ಹಚ್ಚುವಂತಿಲ್ಲ. ‘ಮೈ ಸ್ಟಾಂಪ್’ ಯೋಜನೆಯಲ್ಲಿ ನಿಮ್ಮ ಫೋಟೊ ಪಕ್ಕದಲ್ಲಿ ಇರುವ ಚೀಟಿಗಷ್ಟೇ ಬೆಲೆ. ಫೋಟೊ ತುಂಡನ್ನು ಮಾತ್ರ ಹರಿದು ಹಚ್ಚಿದರೆ ನಿಮ್ಮ ಮುಖಕ್ಕೆ ಅಂಚೆಯವರು ಪೈಸೆಯನ್ನೂ ಕೊಡರು.

ಅಚ್ಚಾದ ಬೆಲೆಯ ಲಕೋಟೆ, ಇನ್‌ಲ್ಯಾಂಡ್ ಲೆಟರ್‌ಗಳಲ್ಲಿ ಜನ ಎಡವುವುದು ತೂಕದಲ್ಲಿ. ಐದು ರೂಪಾಯಿಯ ಲಕೋಟೆ 20 ಗ್ರಾಂವರೆಗೆ ಮಾತ್ರ ಸಾಕು. ಆಮೇಲೆ ಪ್ರತಿ 20 ಗ್ರಾಮಿಗೆ, ಅದರ ಭಾಗಕ್ಕೂ, ಇನ್ನೈದು ರೂಪಾಯಿ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡಿನೊಳಗೆ ಕಾಗದದ ತುಂಡನ್ನೋ ಫೋಟೊವನ್ನೋ ಇಟ್ಟರೆ ಅದು ಮಾಮೂಲಿ ಪತ್ರದ ದರಕ್ಕೆ ಹೋಗುತ್ತದೆ. ಕೊರತೆ ಬಿದ್ದರೆ ಅದರ ಇಮ್ಮಡಿಯನ್ನು ಪಡೆಯುವವರಿಂದ ವಸೂಲಿ ಮಾಡುವುದು ಅಂಚೆಯ ಹಳೆಯ ನಿಯಮ. ಉದಾಹರಣೆಗೆ 30 ಗ್ರಾಂ ತೂಗುವ ಕವಿತೆಗಳ ಕಟ್ಟನ್ನು ಐದು ರೂಪಾಯಿ ಹಚ್ಚಿ ಪತ್ರಿಕೆಗೆ ಕಳಿಸಿದರೆ ಸಂಪಾದಕರು ಹತ್ತು ರೂಪಾಯಿ ತೆರಬೇಕು. ಕವಿತೆಯ ಗತಿ ಅಲ್ಲಿಗೇ ತೀರ್ಮಾನವಾಗಬಹುದು! ಸ್ವವಿಳಾಸದ ಲಕೋಟೆ ಇಡುವವರೂ ಮರಳಿ ಬರುವ ಹಸ್ತಪ್ರತಿಯ ತೂಕಕ್ಕೆ ತಕ್ಕಂತೆ ಸ್ಟಾಂಪು ಹಚ್ಚಿ. ಇನ್ನು ಪಡೆಯುವವರ ಕಡೆಯಿಂದ ನೋಡಿದರೆ, ಇಂಥ ಬೇರಿಂಗ್ ಪತ್ರವನ್ನು ಒಡೆಯದೆ ನಿರಾಕರಿಸಲು ಅವಕಾಶವಿದೆ. ಒಡೆದರೆ ಹಣ ಕೊಡಲೇಬೇಕು. ಪೋಸ್ಟ್‌ಮ್ಯಾನ್ ಕೇಳುವ ಮೊತ್ತ ಲಕೋಟೆಯ ಮೇಲೆ ಬರೆದಿದೆಯೇ ನೋಡಿಕೊಳ್ಳಿ.

ಐದು ಹತ್ತು ರೂಪಾಯಿಯ ಈ ಗೋಳು ಲಕ್ಷಾಂತರದ ಗೋಳಾಗುವುದು ಕಾನೂನು ನೋಟಿಸಿನಲ್ಲಿ. 1897ರ ಸಾಮಾನ್ಯ ಖಂಡಗಳ ಕಾಯಿದೆಯ 27ನೇ ಕಲಂ ಪ್ರಕಾರ ನೋಟಿಸು ಜಾರಿಯಾಗಿದೆ ಎಂದು ನ್ಯಾಯಾಲಯ ಊಹಿಸಬೇಕಾದರೆ ವಿಳಾಸ ಸರಿಯಿರಬೇಕು, ಅಂಚೆವೆಚ್ಚ ಮುಂಗಡ ಪಾವತಿಯಾಗಿರಬೇಕು, ನೋಂದಾಯಿತ ಅಂಚೆಯಲ್ಲಿ ಹಾಕಿರಬೇಕು. ಚೆಕ್ ಬೌನ್ಸ್ ಪ್ರಕರಣಗಳಲ್ಲೂ ಈ ಊಹೆ ಸಲ್ಲುತ್ತದೆಂದು ಸುಪ್ರೀಂ ಕೋರ್ಟ್ 2007ರಲ್ಲಿ ಸಿ.ಸಿ. ಅಲವಿ ಹಾಜಿ ಪ್ರಕರಣದಲ್ಲಿ ಹೇಳಿದೆ. ಬ್ಯಾಂಕಿನ ಮಾಹಿತಿ ಬಂದ 30 ದಿನದೊಳಗೆ ಕಳಿಸಬೇಕಾದ ಆ ನೋಟಿಸನ್ನು ಸ್ಟಾಂಪು ಹಚ್ಚಿ ರಸ್ತೆಬದಿಯ ಡಬ್ಬಿಗೆ ಹಾಕಿದರೆ ಮೂರನೆಯ ಷರತ್ತು ತಪ್ಪುತ್ತದೆ. ಸ್ಟಾಂಪೂ ಸಾಲದಿದ್ದರೆ ಎರಡನೆಯದೂ ತಪ್ಪುತ್ತದೆ. ಆಮೇಲೆ ನೋಟಿಸು ಜಾರಿಯಾಗಿದೆ ಎಂದು ಸಾಧಿಸುವ ಹೊರೆ ನಿಮ್ಮದೇ. ಹಿಂದೆ ಆಸರೆಯಾಗಿದ್ದ ಯು.ಪಿ.ಸಿ. ಎಂಬ ಅಂಚೆಗೆ ಹಾಕಿದ ಪ್ರಮಾಣಪತ್ರ 2011ರಲ್ಲೇ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಹಾಗಾಗಿ ಕೌಂಟರಿನಲ್ಲಿ ‘ರಿಜಿಸ್ಟ್ರೇಷನ್ ಸಹಿತ’ ಎಂದು ಬಾಯಿಬಿಟ್ಟು ಕೇಳಿ.

ಅಂಚೆಯಲ್ಲಿ ಕಳೆದ, ತಡವಾದ ವಸ್ತುಗಳಿಗೆ ಇಲಾಖೆಯ ಹೊಣೆ ನಿಯಮಗಳಲ್ಲಿ ಹೇಳಿದಷ್ಟಕ್ಕೇ ಸೀಮಿತ. ದೂರನ್ನು ಮೊದಲು ಪೋಸ್ಟ್‌ಮಾಸ್ಟರರಿಗೆ ಬರೆದು ಕೊಡಿ. 1800 266 6868 ಎಂಬ ಉಚಿತ ಸಂಖ್ಯೆಗೂ ಹೇಳಬಹುದು. ಎರಡಕ್ಕೂ ರಸೀದಿಯ ಸಂಖ್ಯೆ ಬೇಕು. ಮುಖ್ಯವಾದ ಯಾವ ಕಾಗದವನ್ನೂ ಡಬ್ಬಿಗೆ ಹಾಕಬೇಡಿ, ಕೌಂಟರಿನಲ್ಲಿ ತೂಗಿಸಿ ರಸೀದಿ ಪಡೆದು ಕಳಿಸಿ.