ಎರಡೂ ಕೈಗೆ ಜೋಮು: ಆಪರೇಷನ್‌ಗೆ ಮುನ್ನ ಕೇಳಬೇಕಾದ ಒಂದು ಮಾತು

ನಡುರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು. ಎದ್ದು ಕೈ ಕೊಡವಿದರೆ ತುಸು ಹಾಯೆನಿಸುತ್ತದೆ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದೂ ಕಷ್ಟ. ನಿಮಗೋ ಮನೆಯ ಹಿರಿಯರಿಗೋ ಹೀಗಾಗುತ್ತಿದ್ದರೆ ಅದು ‘ಕಾರ್ಪಲ್ ಟನಲ್ ಸಿಂಡ್ರೋಮ್’ ಇರಬಹುದು. ಮಣಿಕಟ್ಟಿನಲ್ಲಿ ಒಂದು ಕಿರಿದಾದ ಸುರಂಗವಿದೆ. ಬೆರಳು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ‘ಮೀಡಿಯನ್’ ನರವೂ ಅದರೊಳಗೇ ಹಾದುಹೋಗಬೇಕು. ಅಲ್ಲಿ ಸ್ವಲ್ಪ ಊತ ಬಂದರೂ ಒತ್ತಡ ಬೀಳುವುದು ನರದ ಮೇಲೆ.

ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು, ಸಂಧಿವಾತ, ಕೈಗೆ ಬಿಡುವಿಲ್ಲದ ದುಡಿಮೆ ಇವೆಲ್ಲ ಸಾಮಾನ್ಯ ಕಾರಣಗಳು. ಆದರೆ ವಯಸ್ಸಾದವರಿಗೆ, ಅದರಲ್ಲೂ ಎರಡೂ ಕೈಗಳಿಗೆ ಬಂದರೆ, ‘ಅಮೈಲಾಯ್ಡೋಸಿಸ್’ ಎಂಬ ಕಾಯಿಲೆಯನ್ನೂ ನೆನೆಯಬೇಕು.

ನಮ್ಮ ಯಕೃತ್ತು ‘ಟ್ರಾನ್ಸ್‌ಥೈರೆಟಿನ್’ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಥೈರಾಯ್ಡ್ ಹಾರ್ಮೋನನ್ನೂ ‘ಎ’ ಜೀವಸತ್ವವನ್ನೂ ರಕ್ತದಲ್ಲಿ ಸಾಗಿಸಲು ಅದು ನೆರವಾಗುತ್ತದೆ. ಕೆಲವರಲ್ಲಿ ವಯಸ್ಸಾದಂತೆ, ಕೆಲವರಲ್ಲಿ ವಂಶವಾಹಿಯ ದೋಷದಿಂದ, ಈ ಪ್ರೋಟೀನ್ ಎಳೆಎಳೆಯಾಗಿ ಅಂಗಾಂಶಗಳಲ್ಲಿ ಶೇಖರವಾಗುತ್ತದೆ. ಮಣಿಕಟ್ಟಿನಲ್ಲಿ ಸೇರಿದರೆ ಜೋಮು. ಹೃದಯದ ಗೋಡೆಯಲ್ಲಿ ಸೇರಿದರೆ ಗೋಡೆ ದಪ್ಪವಾಗಿ ಬಿಗಿಯುತ್ತದೆ. ಏದುಸಿರು, ಕಾಲು ಬಾವು ಶುರುವಾಗುತ್ತವೆ. ಹೃದಯದ ತೊಂದರೆಗಿಂತ ಐದಾರು ವರ್ಷ, ಕೆಲವೊಮ್ಮೆ ಹತ್ತು ವರ್ಷ ಮೊದಲೇ ಕೈಯ ತೊಂದರೆ ಬರುವುದುಂಟು. ಮೂಳೆಮಜ್ಜೆಯ ಜೀವಕೋಶಗಳ ದೋಷದಿಂದ ಬರುವ ಇನ್ನೊಂದು ಬಗೆ ಇದಕ್ಕಿಂತ ವೇಗದ್ದು, ಅದಕ್ಕೆ ಚಿಕಿತ್ಸೆಯೂ ಬೇರೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಈ ಆಪರೇಷನ್‌ಗೆ ಬಂದ ೯೮ ಮಂದಿಯ ಅಂಗಾಂಶವನ್ನು ಪರೀಕ್ಷಿಸಿ ೨೦೧೮ರಲ್ಲಿ ವರದಿ ಪ್ರಕಟಿಸಿದರು. ಗಂಡಸರು ೫೦, ಹೆಂಗಸರು ೬೦ ಮುಟ್ಟಿದವರು. ಹತ್ತು ಮಂದಿಯಲ್ಲಿ ಅಮೈಲಾಯ್ಡ್ ಕಂಡಿತು. ಇವರು ಆಯ್ದ ರೋಗಿಗಳು. ಕೈ ಜೋಮು ಹಿಡಿದವರಿಗೆಲ್ಲ ಈ ಲೆಕ್ಕ ಹಾಕಿ ಗಾಬರಿಯಾಗಬೇಡಿ.

ಪರೀಕ್ಷೆಗೆ ಬೇರೆ ಗಾಯ ಬೇಕಿಲ್ಲ. ಆಪರೇಷನ್ ಸಮಯದಲ್ಲೇ ಸ್ನಾಯುರಜ್ಜುವಿನ ಸುತ್ತಲಿನ ಪೊರೆಯ ಸಣ್ಣ ತುಣುಕು ತೆಗೆದು ಫಾರ್ಮಲಿನ್ ಬಾಟಲಿಗೆ ಹಾಕಿದರಾಯಿತು. ಪ್ರಯೋಗಾಲಯದಲ್ಲಿ ‘ಕಾಂಗೋ ರೆಡ್’ ಬಣ್ಣ ಹಾಕಿ (ಇದು ಮೊದಲು ಬಟ್ಟೆಗೆ ಹಾಕುತ್ತಿದ್ದ ಬಣ್ಣ!) ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅಮೈಲಾಯ್ಡ್ ಹಸಿರು ಸೇಬಿನಂತೆ ಹೊಳೆಯುತ್ತದೆ. ತುಣುಕು ಕಸದ ಬುಟ್ಟಿಗೆ ಹೋದರೆ ಈ ಅವಕಾಶ ತಪ್ಪಿತು. ಆದ್ದರಿಂದ ಆಪರೇಷನ್‌ಗೆ ಮುನ್ನವೇ ‘ತುಣುಕನ್ನು ಅಮೈಲಾಯ್ಡ್ ಪರೀಕ್ಷೆಗೆ ಕಳಿಸುತ್ತೀರಾ?’ ಎಂದು ಸರ್ಜನ್‌ರನ್ನು ಕೇಳಿ. ಕೇಳಲು ಸಂಕೋಚ ಬೇಡ. ಬೆನ್ನುಮೂಳೆಯ ನಾಳ ಕಿರಿದಾಗಿದ್ದರೆ, ಪೆಟ್ಟಿಲ್ಲದೆ ತೋಳಿನ ಸ್ನಾಯುರಜ್ಜು ಹರಿದಿದ್ದರೆ, ಮೊದಲು ಒಗ್ಗುತ್ತಿದ್ದ ಬಿ.ಪಿ. ಮಾತ್ರೆಯಿಂದ ಈಗ ತಲೆಸುತ್ತು ಬರುತ್ತಿದ್ದರೆ ಅದನ್ನೂ ಹೇಳಿ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಅಮೈಲಾಯ್ಡ್ ಕಂಡ ಮಾತ್ರಕ್ಕೆ ಹೃದಯ ಕೆಟ್ಟಿದೆ ಎಂದಲ್ಲ. ಯಾವ ಬಗೆಯದೆಂದು ತಿಳಿಯಲು ರಕ್ತ, ಮೂತ್ರ ಪರೀಕ್ಷೆ, ಹೃದಯಕ್ಕೆ ಇ.ಸಿ.ಜಿ., ಎಕೋ, ಅಗತ್ಯವಿದ್ದರೆ ವಿಶೇಷ ಸ್ಕ್ಯಾನ್ ಬೇಕಾಗುತ್ತವೆ. ವಂಶವಾಹಿ ದೋಷ ಕಂಡರೆ ಒಡಹುಟ್ಟಿದವರೂ ಮಕ್ಕಳೂ ಸಲಹೆ ಪಡೆಯಬೇಕು. ೨೦೧೯ರಲ್ಲಿ ಅಮೆರಿಕದಲ್ಲಿ ಹೃದಯದ ಟ್ರಾನ್ಸ್‌ಥೈರೆಟಿನ್ ಕಾಯಿಲೆಗೆ ‘ಟಫಾಮಿಡಿಸ್’ ಮಾನ್ಯತೆ ಪಡೆಯಿತು. ಬಲು ದುಬಾರಿ ಔಷಧಿ. ರೋಗದ ಓಟವನ್ನು ನಿಧಾನಿಸುತ್ತದೆ, ಆಗಲೇ ಶೇಖರವಾದದ್ದನ್ನು ತೊಳೆಯುವುದಿಲ್ಲ. ಬೇಗ ಪತ್ತೆಯಾಗಬೇಕೆನ್ನುವುದು ಇದಕ್ಕೇ.

ಆಪರೇಷನ್ ಹಿಂದೆಯೇ ಆಗಿದ್ದು ಈಗ ಏದುಸಿರಿದ್ದರೆ, ಹೃದಯ ವೈದ್ಯರಿಗೆ ಆ ಸಂಗತಿ ತಿಳಿಸಿ. ಯಾವ ವರ್ಷ, ಒಂದು ಕೈಯೋ ಎರಡೋ ಎಂಬುದನ್ನೂ ಹೇಳಿ.