ಹರಳಿನೊಡನೆ ಬಂದ ಒಂದು ಕ್ರಿಯಾಪದ

ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಮನೆಯೊಳಗೆ ಉರ್ದುವನ್ನೂ ಪೇಟೆಯಲ್ಲಿ ಕನ್ನಡವನ್ನೂ ಆಡುತ್ತ, ಹರಳುಗಳನ್ನು ಸಾಣೆ ಹಿಡಿದು ಹೊಳಪೇರಿಸುವ ಕಸುಬಿನ ನಡುವೆ ಬೆಳೆದ ವಿದ್ಯಾರ್ಥಿಗೆ, ಇಂಗ್ಲಿಷಿನ ‘ಸೆಟ್’ ಎಂಬ ಕ್ರಿಯಾಪದವು ಉಂಗುರದಲ್ಲಿ ಹರಳನ್ನು ಕೂರಿಸುವುದೆಂಬ ಅರ್ಥದಲ್ಲಿಯೇ ಮೊದಲು ಪರಿಚಿತವಾಗುವುದು ಸಹಜ. ಆದರೆ ಅದೇ ಪದವು ಸೂರ್ಯನಿಗೆ ಸಂದಾಗ ಮುಳುಗುವುದೆಂದೂ, ಗಾರೆಗೆ ಸಂದಾಗ ಗಟ್ಟಿಯಾಗುವುದೆಂದೂ, ಮುರಿದ ಮೂಳೆಗೆ ಸಂದಾಗ ಕೂಡಿಸುವುದೆಂದೂ, ಪ್ರಶ್ನಪತ್ರಿಕೆಗೆ ಸಂದಾಗ ಸಿದ್ಧಪಡಿಸುವುದೆಂದೂ ಅರ್ಥ ತಳೆಯುವುದನ್ನು ಕಂಡು ಅವನು ಧೃತಿಗೆಡಬಾರದು. 1989ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಬೃಹನ್ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘವಾದ ವಿವರಣೆಯು ಈ ಪುಟ್ಟ ಪದದ್ದೇ. ಸುಮಾರು 430 ಅರ್ಥಗಳು! ಅವನ್ನು ಬಾಯಿಪಾಠ ಮಾಡಹೊರಡುವುದು ವ್ಯರ್ಥಶ್ರಮ.

ನಮ್ಮ ‘ಕಟ್ಟು’ ಎಂಬುದನ್ನೇ ನೋಡಿರಿ. ಮನೆ ಕಟ್ಟುತ್ತೇವೆ, ಕಂದಾಯ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ. ನೆಗಡಿಯಾದರೆ ಗಂಟಲು ತಾನಾಗಿಯೇ ಕಟ್ಟುತ್ತದೆ. ಇವನ್ನು ಯಾರೂ ನಮಗೆ ಪಟ್ಟಿಮಾಡಿ ಕಲಿಸಲಿಲ್ಲ. ಹೂವಿನ ಅರ್ಥವು ಅಜ್ಜಿಯ ಬೆರಳುಗಳ ನಡುವಣ ಬಾಳೆನಾರಿನೊಡನೆಯೇ ಬಂದಿತು.

ಆದುದರಿಂದ, ಮಿತ್ರರೇ, ‘ಸೆಟ್’ ಅನ್ನು ಒಂಟಿಯಾಗಿ ಬರೆದುಕೊಳ್ಳದೆ, ಅದರ ಸಂಗಾತಿಯಾದ ನಾಮಪದದೊಡನೆ, ಇಡೀ ವಾಕ್ಯವನ್ನೇ ಬರೆದುಕೊಳ್ಳಿರಿ. ‘ಔಟ್’ ಸೇರಿದರೆ ಪ್ರಯಾಣ ಹೊರಡುವುದು, ‘ಅಪ್’ ಸೇರಿದರೆ ಸ್ಥಾಪಿಸುವುದು. ಇವನ್ನು ಬೇರೆ ಪದಗಳೆಂದೇ ಎಣಿಸಿರಿ. ಭೂತಕಾಲದಲ್ಲಿಯೂ ಇದರ ರೂಪವು ಬದಲಾಗದು. ‘ಸೆಟ್ಟೆಡ್’ ಎಂದು ಬರೆದ ಜಾಣ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ವಾಕ್ಯದಲ್ಲಿ ‘ನಿನ್ನೆ’ ಎಂಬ ಪದವಿದ್ದರೆ ಕಾಲವನ್ನು ಅದೇ ಹೇಳಿಬಿಡುತ್ತದೆ.